ಮನೆ ನೋಡುವ ಮೊದಲು ಮೀಟರ್ ನೋಡಿ

ಪಿಯುಸಿ ಫಲಿತಾಂಶ ಬಂದು, ಸಿಇಟಿ ರ‍್ಯಾಂಕ್ ಕೈಗೆ ಸಿಕ್ಕಿದ ಮೇಲೆ ತುರುವೇಕೆರೆ ತಾಲ್ಲೂಕಿನ ದಬ್ಬೇಘಟ್ಟ, ಮಾಯಸಂದ್ರ, ದಂಡಿನಶಿವರ ಹೋಬಳಿಗಳ ಹುಡುಗ ಹುಡುಗಿಯರು ತಿಪಟೂರು, ತುಮಕೂರು, ಬೆಂಗಳೂರುಗಳಲ್ಲಿ ರೂಮು ಹುಡುಕಲು ಹೊರಡುತ್ತಾರೆ. ಹಾಸ್ಟೆಲ್ ಸಿಕ್ಕವರದು ಒಂದು ದಾರಿ. ಸಿಗದವರು ಮೂವರೋ ನಾಲ್ವರೋ ಸೇರಿ ಒಂದು ಸಣ್ಣ ಮನೆ ಹಿಡಿಯುತ್ತಾರೆ. ಹೋದ ಮನೆಯಲ್ಲೆಲ್ಲ ಅವರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ: ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು, ನೀರು ದಿನಾ ಬರುತ್ತದೆಯೇ, ಕಾಲೇಜಿಗೆ ಎಷ್ಟು ದೂರ. ಎಲ್ಲ ಮುಗಿದು ಚಪ್ಪಲಿ ಮೆಟ್ಟುವ ಹೊತ್ತಿಗೆ ಯಾರಾದರೊಬ್ಬರು ‘ಕರೆಂಟ್ ಬಿಲ್ ಹೇಗೆ ಅಂಕಲ್’ ಎನ್ನುತ್ತಾರೆ. ‘ಸಬ್ ಮೀಟರ್ ಇದೆ, ಯೂನಿಟ್‌ಗೆ ಹತ್ತು ರೂಪಾಯಿ’ ಎಂಬ ಉತ್ತರ ಬರುತ್ತದೆ. ಸರಿ ಎಂದು ತಲೆಯಾಡಿಸಿ ಬರುತ್ತಾರೆ. ಆ ಒಂದು ಸಾಲಿನ ಉತ್ತರದಲ್ಲಿ ಏನೇನು ಅಡಗಿದೆ ಎಂಬುದನ್ನು ಬಿಡಿಸಿ ನೋಡುವುದೇ ಇವತ್ತಿನ ಮಾತು.

ನಮ್ಮ ಕಡೆಯ ಮಕ್ಕಳಿಗೆ ಈ ವಿಷಯ ಹೊಸದಾಗಿ ಕಾಣುವುದಕ್ಕೆ ಕಾರಣವಿದೆ. ತೆಂಗಿನ ತೋಟದ ಪಂಪ್‌ಸೆಟ್‌ಗೆ 10 ಎಚ್‌ಪಿವರೆಗೆ ರೈತರು ಬಿಲ್ ಕಟ್ಟುವುದಿಲ್ಲ, ಅದನ್ನು ಸರ್ಕಾರ ಭರಿಸುತ್ತದೆ. ಮನೆಗೆ 2023ರ ಆಗಸ್ಟ್‌ನಿಂದ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಬಂದಿದೆ. ಹಳ್ಳಿಯ ಬಹಳ ಮನೆಗಳಲ್ಲಿ ಬಿಲ್ ಸೊನ್ನೆ. ಕರೆಂಟು ಯಾವಾಗ ಬರುತ್ತದೆ, ಥ್ರೀ ಫೇಸ್ ರಾತ್ರಿಯೋ ಹಗಲೋ, ಟಿ.ಸಿ. (ಟ್ರಾನ್ಸ್‌ಫಾರ್ಮರ್) ಸುಟ್ಟರೆ ಯಾರಿಗೆ ಹೇಳಬೇಕು, ಇವೆಲ್ಲ ಇಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಅದಕ್ಕೆ ದುಡ್ಡು ಎಷ್ಟು ಎಂಬುದು ಮಾತ್ರ ಅಷ್ಟಾಗಿ ಮಾತಿಗೆ ಬರುವುದಿಲ್ಲ. ಹಾಗಾಗಿ ಹದಿನೆಂಟು ವಯಸ್ಸಿನಲ್ಲಿ ಪಟ್ಟಣಕ್ಕೆ ಹೋದವರು ಕರೆಂಟಿಗೆ ತಾವೇ ದುಡ್ಡು ಕೊಡುವುದು ಬಾಡಿಗೆ ರೂಮಿನಲ್ಲೇ ಮೊದಲು. ಅದೂ ವಿದ್ಯುತ್ ಕಂಪನಿಯಾದ ಬೆಸ್ಕಾಂಗಲ್ಲ, ಮನೆ ಮಾಲೀಕರಿಗೆ.

ವಿದ್ಯುತ್ ಕಂಪನಿಯನ್ನು ನಾವೇ ಆರಿಸಿಕೊಳ್ಳುವ ಹಾಗಿದ್ದರೆ ಈ ತಾಪತ್ರಯ ಇರುತ್ತಿತ್ತೇ ಎಂದು ಕೇಳುವವರಿದ್ದಾರೆ. ಮೊಬೈಲ್ ಸಿಮ್ ಬದಲಾಯಿಸಿದ ಹಾಗೆ ಕರೆಂಟ್ ಕಂಪನಿಯನ್ನೂ ಬದಲಾಯಿಸುವ ವ್ಯವಸ್ಥೆ ಹಲವು ದೇಶಗಳಲ್ಲಿ ಇದೆ. ಕರ್ನಾಟಕದಲ್ಲಿ ಮನೆಬಳಕೆಗೆ ಇಲ್ಲ. 1999ರ ಸುಧಾರಣಾ ಕಾಯ್ದೆಯ ಫಲವಾಗಿ ಹಳೆಯ ವಿದ್ಯುಚ್ಛಕ್ತಿ ಮಂಡಳಿ ಹೋಗಿ ಕೆಪಿಟಿಸಿಎಲ್ ಬಂತು. 2002ರ ಜೂನ್‌ನಲ್ಲಿ ಅದರ ವಿತರಣೆಯ ಕೆಲಸ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ ಎಂದು ಹಂಚಿಹೋಯಿತು; ಮುಂದೆ ಮೈಸೂರು ಭಾಗಕ್ಕೆ ಸೆಸ್ಕ್ ಸೇರಿತು. ಐದು ಕಂಪನಿಗಳಿವೆ ನಿಜ, ಆದರೆ ಒಬ್ಬೊಬ್ಬರದು ಒಂದೊಂದು ಪ್ರದೇಶ. ತುಮಕೂರು ಜಿಲ್ಲೆ ಬೆಸ್ಕಾಂನದು. ತುರುವೇಕೆರೆಯ ಗಡಿ ದಾಟಿ ನಾಗಮಂಗಲಕ್ಕೆ ಕಾಲಿಟ್ಟರೆ ಸೆಸ್ಕ್. ಅಲ್ಲಿಯ ಕಂಪನಿ ಇಲ್ಲಿಗೆ ತಂತಿ ಎಳೆಯುವ ಹಾಗಿಲ್ಲ, ಎಳೆದರೂ ಪ್ರಯೋಜನವಿಲ್ಲ. ಏಕೆಂದರೆ ಮನೆಬಳಕೆಯ ದರವನ್ನು ಎಲ್ಲ ಕಂಪನಿಗಳಿಗೂ ಒಂದೇ ಎಂದು ಗೊತ್ತುಮಾಡುವುದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ, ಕೆಇಆರ್‌ಸಿ. ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ 1969ರಿಂದ ಗ್ರಾಮೀಣ ವಿದ್ಯುತ್ ಸಹಕಾರ ಸಂಘವೊಂದು ಕರೆಂಟು ಹಂಚುತ್ತಿದೆ, ನಮ್ಮ ರಾಜ್ಯದಲ್ಲಿ ಅಂಥದ್ದು ಅದೊಂದೇ. ಹುಕ್ಕೇರಿಯವರು ಸಂಘದ ಸದಸ್ಯರಾಗಬಹುದೇ ಹೊರತು ಸಂಘವೋ ಹೆಸ್ಕಾಮೋ ಎಂದು ಆರಿಸುವ ಹಾಗಿಲ್ಲ. ನಮ್ಮದೇ ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಇದೆ. ಅಲ್ಲಿಂದ ನೇರವಾಗಿ ನಮ್ಮ ರೂಮಿಗೆ ಕರೆಂಟು ಕೊಳ್ಳುತ್ತೇವೆ ಎಂದರೆ ಕಾನೂನು ಒಪ್ಪುವುದಿಲ್ಲ. ಬೇರೆಡೆಯಿಂದ ಕೊಳ್ಳುವ ಅವಕಾಶ ದೊಡ್ಡ ಬಳಕೆದಾರರಿಗೆ ಮಾತ್ರ: ಸಾಮಾನ್ಯವಾಗಿ 1 ಮೆಗಾವಾಟ್‌ಗಿಂತ ಮೇಲಿನವರಿಗೆ, ಹಸಿರು ವಿದ್ಯುತ್ ಆದರೆ 100 ಕಿಲೊವಾಟ್‌ನಿಂದ ಮೇಲಿನವರಿಗೆ. ನಾಲ್ವರು ವಿದ್ಯಾರ್ಥಿಗಳ ಮನೆಯ ಲೋಡ್ ಎರಡೋ ಮೂರೋ ಕಿಲೊವಾಟ್.

ಆದರೂ ಈ ಮನೆಯಲ್ಲಿ ಆಯ್ಕೆಯೇ ಇಲ್ಲ ಎಂದು ಹೇಳಿಬಿಟ್ಟರೆ ಅದು ಅರ್ಧ ಸತ್ಯ. ಬೆಸ್ಕಾಂ ತಂತಿ ಕಂಬದಿಂದ ಇಳಿದು ಮಾಲೀಕರ ಮೀಟರ್‌ಗೆ ಬರುತ್ತದೆ. ಅಲ್ಲಿಂದ ಮುಂದೆ ವಿದ್ಯಾರ್ಥಿಯ ರೂಮಿಗೆ ಕರೆಂಟು ಕೊಡುವವರು, ಅದರ ದರ ನಿಗದಿ ಮಾಡುವವರು, ತಿಂಗಳಿಗೊಮ್ಮೆ ರೀಡಿಂಗ್ ಬರೆದುಕೊಳ್ಳುವವರು, ಬಾಕಿ ಉಳಿದರೆ ಫ್ಯೂಸ್ ಕಿತ್ತಿಡುವವರು ಎಲ್ಲ ಮಾಲೀಕರೇ. ಅಂದರೆ ಆ ರೂಮಿನ ಮಟ್ಟಿಗೆ ನಿಜವಾದ ವಿದ್ಯುತ್ ಸರಬರಾಜುದಾರರು ಅವರು. ಬೆಸ್ಕಾಂ ಮೇಲೆ ಕೆಇಆರ್‌ಸಿ ಇದೆ, ಗ್ರಾಹಕರ ಕುಂದುಕೊರತೆ ವೇದಿಕೆ ಇದೆ, ಅದರ ಮೇಲೆ ಒಂಬುಡ್ಸ್‌ಮನ್ ಇದ್ದಾರೆ. ಸಂಪರ್ಕ ಕಡಿತಕ್ಕೆ 15 ದಿನದ ನೋಟಿಸ್ ಕೊಡಬೇಕೆಂದು 2003ರ ವಿದ್ಯುಚ್ಛಕ್ತಿ ಕಾಯ್ದೆಯ 56ನೇ ಕಲಮು ಹೇಳುತ್ತದೆ. ಮೆಟ್ಟಿಲ ಕೆಳಗಿನ ಸಬ್ ಮೀಟರ್‌ಗೆ ಇದ್ಯಾವುದೂ ಲೆಕ್ಕಕ್ಕಿಲ್ಲ. ಹಾಗಾಗಿ ಮನೆ ಆರಿಸುವಾಗಲೇ ವಿದ್ಯುತ್ ಕೊಡುವವರನ್ನೂ ಆರಿಸಿದ ಹಾಗಾಯಿತು. ಪ್ರತ್ಯೇಕ ಆರ್.ಆರ್. ನಂಬರ್, ಅಂದರೆ ಬೆಸ್ಕಾಂನ ಸ್ವಂತ ಸಂಪರ್ಕ ಸಂಖ್ಯೆ, ಇರುವ ಮನೆ ಹಿಡಿದರೆ ಬೆಸ್ಕಾಂ, ಸಬ್ ಮೀಟರ್ ಮನೆ ಹಿಡಿದರೆ ಮಾಲೀಕರು. ಈ ಎರಡರ ನಡುವಿನ ಆಯ್ಕೆ ಎರಡು ಕಂಪನಿಗಳ ನಡುವಿನ ಆಯ್ಕೆಗಿಂತ ದೊಡ್ಡದು ಎಂಬುದು ನನ್ನ ವಾದ.

ಲೆಕ್ಕ ಹಾಕಿಯೇ ನೋಡೋಣ. 2025-26ರ ದರದಂತೆ ಮನೆಬಳಕೆಯ ಒಂದು ಯೂನಿಟ್‌ಗೆ 5 ರೂಪಾಯಿ 80 ಪೈಸೆ. ಮಂಜೂರಾದ ಲೋಡಿನ ಪ್ರತಿ ಕಿಲೊವಾಟ್‌ಗೆ ತಿಂಗಳಿಗೆ 145 ರೂಪಾಯಿ ನಿಗದಿತ ಶುಲ್ಕ. ನೌಕರರ ಪಿಂಚಣಿ, ಗ್ರಾಚ್ಯುಟಿ ಬಾಬ್ತು ಯೂನಿಟ್‌ಗೆ 36 ಪೈಸೆ. ಯೂನಿಟ್ ಲೆಕ್ಕದ ವಿದ್ಯುತ್ ಶುಲ್ಕದ ಮೇಲೆ ಶೇ 9 ತೆರಿಗೆ. ಇಂಧನ ವೆಚ್ಚ ಹೊಂದಾಣಿಕೆ ಎಂದು ತಿಂಗಳಿಂದ ತಿಂಗಳಿಗೆ ಬದಲಾಗುವ ಬಾಬ್ತು ಇನ್ನೊಂದಿದೆ, ಅದನ್ನು ಬದಿಗಿಡೋಣ. ಈಗ ಒಂದು ಕಟ್ಟಡ ಇದೆ ಎಂದಿಟ್ಟುಕೊಳ್ಳಿ. ಕೆಳಗೆ ಮಾಲೀಕರು, ಮೇಲೆ ಎರಡು ಮನೆಗಳಲ್ಲಿ ವಿದ್ಯಾರ್ಥಿಗಳು. ಮೂರೂ ಮನೆಗೆ ಸೇರಿ 5 ಕಿಲೊವಾಟ್‌ನ ಒಂದೇ ಮೀಟರ್. ಒಂದೊಂದು ಮನೆ ತಿಂಗಳಿಗೆ 100 ಯೂನಿಟ್ ಉರಿಸಿದರೆ ಒಟ್ಟು 300. ವಿದ್ಯುತ್ತಿಗೆ 1,740, ನಿಗದಿತ ಶುಲ್ಕ 725, ಪಿಂಚಣಿ ಬಾಬ್ತು 108, ತೆರಿಗೆ ಸುಮಾರು 157. ಕೂಡಿದರೆ 2,730 ರೂಪಾಯಿ. ಯೂನಿಟ್‌ಗೆ ಭಾಗಿಸಿದರೆ 9 ರೂಪಾಯಿ 10 ಪೈಸೆ ಬೀಳುತ್ತದೆ. ಹತ್ತು ರೂಪಾಯಿ ಕೇಳುವ ಮಾಲೀಕರೆಲ್ಲ ಸುಲಿಗೆಕೋರರು ಎಂದುಕೊಂಡವರು ಈ ಅಂಕಿ ನೋಡಬೇಕು. ಬಿಲ್ಲಿನಲ್ಲಿ 5 ರೂಪಾಯಿ 80 ಪೈಸೆ ಎಂದು ಅಚ್ಚಾಗಿರುವುದನ್ನು ತೋರಿಸಿ ಜಗಳಕ್ಕೆ ನಿಲ್ಲುವ ಹುಡುಗರು ಉಳಿದ ಸಾಲುಗಳನ್ನು ಓದಿರುವುದಿಲ್ಲ.

ಹಾಗಾದರೆ ನಷ್ಟ ಎಲ್ಲಿ? ಗೃಹಜ್ಯೋತಿಯಲ್ಲಿ. ಆ ಯೋಜನೆಯ ನಿಯಮ ಇಷ್ಟು: 2022-23ರಲ್ಲಿ ಆ ಮೀಟರ್ ತಿಂಗಳಿಗೆ ಸರಾಸರಿ ಎಷ್ಟು ಯೂನಿಟ್ ಓಡಿತ್ತೋ ಅದಕ್ಕೆ ಶೇ 10 ಸೇರಿಸಿ, 200ರ ಮಿತಿಯೊಳಗೆ, ಉಚಿತ ಪ್ರಮಾಣ ಗೊತ್ತುಮಾಡುತ್ತಾರೆ. ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದವರಿಗೆ 2024ರ ಆರಂಭದಲ್ಲಿ ಶೇ 10ರ ಬದಲು 10 ಯೂನಿಟ್ ಎಂದು ತಿದ್ದಿದರು. ಹಳೆಯ ಲೆಕ್ಕವೇ ಇಲ್ಲದ ಹೊಸ ಮನೆಗೆ ರಾಜ್ಯದ ಸರಾಸರಿ 53ರ ಮೇಲೆ ಶೇ 10, ಅಂದರೆ 58 ಯೂನಿಟ್. ಉಚಿತ ಪ್ರಮಾಣ ದಾಟಿ 200ರ ಒಳಗೆ ಇದ್ದರೆ ಹೆಚ್ಚುವರಿಗೆ ದುಡ್ಡು ಕೊಡಬೇಕು. 200 ದಾಟಿದರೆ ಆ ತಿಂಗಳ ಪೂರಾ ಬಿಲ್ ತಲೆಯ ಮೇಲೆ. ನಮ್ಮ ಕಟ್ಟಡದ ಒಂದೇ ಮೀಟರ್ 300 ಯೂನಿಟ್ ತೋರಿಸುತ್ತಿದೆ. ಅಲ್ಲಿಗೆ ಮೂರು ಮನೆಗೂ ಗೃಹಜ್ಯೋತಿ ಇಲ್ಲ. ಅದೇ ಮೂರು ಮನೆಗೆ ಮೂರು ಮೀಟರ್ ಇದ್ದು, ಒಂದೊಂದರ ಸರಾಸರಿ 100ರ ಆಸುಪಾಸು ಇದ್ದಿದ್ದರೆ ಮೂರಕ್ಕೂ ಸೊನ್ನೆ ಬಿಲ್. ಹೊಸ ಮನೆಯಾಗಿ 58 ಯೂನಿಟ್ ಮಾತ್ರ ಉಚಿತ ಎಂದಾದರೂ 42 ಯೂನಿಟ್‌ನ ವಿದ್ಯುತ್ ಶುಲ್ಕ 244 ರೂಪಾಯಿಯ ಸುತ್ತ. ಸಬ್ ಮೀಟರ್ ಮನೆಯಲ್ಲಿ ಅದೇ ನೂರು ಯೂನಿಟ್‌ಗೆ ಸಾವಿರ. ಮಾಲೀಕರು ದೊಡ್ಡ ಮೋಸವನ್ನೇನೂ ಮಾಡಿರುವುದಿಲ್ಲ. ಆದರೂ ಬಾಡಿಗೆದಾರರಿಗೆಂದು ಸರ್ಕಾರ ಕೊಟ್ಟ ದುಡ್ಡು ಬಾಡಿಗೆದಾರರಿಗೆ ತಲುಪಿಲ್ಲ. ಯಾರ ಜೇಬಿಗೂ ಹೋಗಿಲ್ಲ ಎನ್ನುವುದು ಇದರ ವಿಚಿತ್ರ. ತಂತಿ ಕೂಡಿಸಿದ ರೀತಿಯಿಂದಲೇ ಅದು ಕಾಣೆಯಾಗಿದೆ.

ಇಲ್ಲಿ ಒಂದು ಹಳೆಯ ಸಬೂಬನ್ನೂ ನೋಡಬೇಕು. ‘ಎಲ್ಲರ ಯೂನಿಟ್ ಸೇರಿ ಸ್ಲ್ಯಾಬ್ ಮೇಲೆ ಹೋಗುತ್ತದೆ, ಅದಕ್ಕೇ ರೇಟು ಜಾಸ್ತಿ’ ಎಂದು ಈಗಲೂ ಹೇಳುವ ಮಾಲೀಕರಿದ್ದಾರೆ. 2023ರ ಮೇ ತಿಂಗಳ ಆದೇಶದಲ್ಲಿ ಅದು ನಿಜವೇ ಆಗಿತ್ತು: 100 ಯೂನಿಟ್‌ವರೆಗೆ 4 ರೂಪಾಯಿ 75 ಪೈಸೆ, ನೂರು ದಾಟಿದರೆ ಎಲ್ಲ ಯೂನಿಟ್‌ಗೂ 7 ರೂಪಾಯಿ. 2024ರ ಏಪ್ರಿಲ್‌ನಿಂದ ಮನೆಬಳಕೆಗೆ ಸ್ಲ್ಯಾಬ್ ತೆಗೆದು ಹಾಕಿ ಒಂದೇ ದರ ಮಾಡಿದ್ದಾರೆ, ಆಗ 5 ರೂಪಾಯಿ 90 ಪೈಸೆ, ಮರುವರ್ಷ ಹತ್ತು ಪೈಸೆ ಕಡಿಮೆ. ಸ್ಲ್ಯಾಬ್ ಹೋಗಿ ಕಾಲವಾಯಿತು. ಸ್ಲ್ಯಾಬಿನ ಹೆಸರಿನಲ್ಲಿ ಏರಿದ ರೂಮಿನ ರೇಟು ಮಾತ್ರ ಇಳಿಯಲಿಲ್ಲ. ನಿಯಂತ್ರಣವಿರುವ ದರ ಆದೇಶದಿಂದ ಇಳಿಯುತ್ತದೆ. ನಿಯಂತ್ರಣವಿಲ್ಲದ ದರವನ್ನು ಇಳಿಸಬೇಕಾದವರು ಯಾರು?

ಕಂಪನಿಗಳ ನಡುವೆ ಪೈಪೋಟಿ ತಂದರೆ ಇವೆಲ್ಲ ತಾನಾಗಿ ಸರಿಹೋಗುತ್ತದೆ ಎಂಬ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಬಾರದು. ಒಂದೇ ಪ್ರದೇಶದಲ್ಲಿ ಹಲವು ಕಂಪನಿಗಳಿಗೆ ದಾರಿ ಮಾಡುವ ತಿದ್ದುಪಡಿ ಮಸೂದೆ 2022ರ ಆಗಸ್ಟ್‌ನಲ್ಲಿ ಲೋಕಸಭೆಗೆ ಬಂದು ಸ್ಥಾಯಿ ಸಮಿತಿಗೆ ಹೋಯಿತು, ಆ ಲೋಕಸಭೆಯ ಅವಧಿಯೊಂದಿಗೆ ಬಿದ್ದೂಹೋಯಿತು. ಆದರೆ ಮುಂಬೈ ಉಪನಗರಗಳಲ್ಲಿ ಪೈಪೋಟಿ ಆಗಲೇ ನಡೆದಿದೆ. 2008ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಟಾಟಾ ಪವರ್ ಅಲ್ಲಿ ಚಿಲ್ಲರೆ ಗ್ರಾಹಕರಿಗೂ ಕರೆಂಟು ಮಾರಲು ಹೊರಟಿತು. ಆಗಿನ ರಿಲಯನ್ಸ್, 2018ರಿಂದ ಅದಾನಿ, ಅದರ ತಂತಿಯ ಮೇಲೆಯೇ ಟಾಟಾದ ಗ್ರಾಹಕರಾಗುವ ಅವಕಾಶ ಬಂತು. ಅಂಧೇರಿ, ಗೋರೆಗಾಂವ್ ಕಡೆಯ ಕನ್ನಡ ಕುಟುಂಬಗಳಿಗೆ ‘ಯಾವ ಕಂಪನಿಯ ಕರೆಂಟು’ ಎಂಬುದು ಹೊಸ ಪ್ರಶ್ನೆಯೇನಲ್ಲ. ದರ ಕಡಿಮೆ ಎಂದು ಬಹಳ ಜನ ಬದಲಾದರು. ಬದಲಾದವರ ಮೇಲೆ ಹೆಚ್ಚುವರಿ ಶುಲ್ಕವಾಗಿ ಕ್ರಾಸ್ ಸಬ್ಸಿಡಿ ಸರ್‌ಚಾರ್ಜ್ ಬಿತ್ತು, ದರಗಳನ್ನು ಆಯೋಗ ಏರಿಳಿಸುತ್ತಲೇ ಇತ್ತು, ಲೆಕ್ಕ ವರ್ಷ ವರ್ಷವೂ ಬದಲಾಯಿತು. ಬಂದ ಅನುಕೂಲವೂ ಸ್ವಂತ ಮೀಟರ್ ಇದ್ದವರಿಗೆ ಬಂದದ್ದು. ಮಾಲೀಕರ ಮೀಟರ್ ಹಿಂದೆ ಇರುವ ಬಾಡಿಗೆದಾರರಿಗೆ ಕಂಪನಿ ಯಾವುದಾದರೇನು? ಅವರ ಮಟ್ಟಿಗೆ ಆರಿಸುವವರು ಮಾಲೀಕರು.

ಇನ್ನೂ ಒಳ್ಳೆಯ ಸಾಕ್ಷಿ ಬ್ರಿಟನ್ನಿನದು. ಅಲ್ಲಿ ಪ್ರತಿಯೊಂದು ಮನೆಗೂ ವಿದ್ಯುತ್ ಕಂಪನಿ ಆರಿಸುವ ಹಕ್ಕು 1999ರ ಹೊತ್ತಿಗೆ ಪೂರ್ತಿ ಜಾರಿಗೆ ಬಂತು. ಎಂ.ಎಸ್. ಓದಲು ಹೋದ ನಮ್ಮ ಹುಡುಗರು ನಾಲ್ವರು ಸೇರಿ ಫ್ಲ್ಯಾಟ್ ಹಿಡಿದರೆ ಅಲ್ಲಿ ಮೊದಲ ಕೆಲಸ ಮೀಟರ್ ರೀಡಿಂಗ್ ಫೋಟೊ ತೆಗೆಯುವುದು, ಈಗ ಯಾವ ಕಂಪನಿ ಕೊಡುತ್ತಿದೆ ಎಂದು ತಿಳಿಯುವುದು, ಬಿಲ್ ಯಾರ ಹೆಸರಿಗೆ ಎಂದು ತಮ್ಮೊಳಗೇ ತೀರ್ಮಾನಿಸುವುದು. ಹೆಸರಿದ್ದವರು ಬಾಕಿಗೆ ಹೊಣೆ. ಎಲ್ಲರ ಹೆಸರಿದ್ದರೆ ಒಬ್ಬರು ಕೈ ಎತ್ತಿದಾಗ ಉಳಿದವರು ತುಂಬಬೇಕು. ಅಷ್ಟು ಕಂಪನಿಗಳಿದ್ದ ಆ ಮಾರುಕಟ್ಟೆಯಲ್ಲೂ 2019ರಲ್ಲಿ ಸರ್ಕಾರ ದರಕ್ಕೆ ಮಿತಿ ಹಾಕಬೇಕಾಯಿತು. 2021ರ ಚಳಿಗಾಲದಲ್ಲಿ ಅನಿಲದ ಬೆಲೆ ಏರಿದಾಗ ಒಂದರ ಹಿಂದೊಂದು ಕಂಪನಿಗಳು ಮುಳುಗಿದವು, ಲಕ್ಷಾಂತರ ಗ್ರಾಹಕರಿದ್ದ ಬಲ್ಬ್ ಎಂಬ ಕಂಪನಿಯನ್ನು ಸರ್ಕಾರವೇ ಹೊತ್ತು ನಡೆಸಬೇಕಾಯಿತು. ನಮ್ಮ ವಿಷಯಕ್ಕೆ ಇದಕ್ಕಿಂತ ಮುಖ್ಯವಾದ ನಿಯಮ ಅಲ್ಲಿ ಇನ್ನೊಂದಿದೆ: ಬಾಡಿಗೆದಾರರಿಗೆ ಕರೆಂಟು ಮರುಮಾರಾಟ ಮಾಡುವ ಮಾಲೀಕರು ತಾವು ಕೊಟ್ಟ ದರಕ್ಕಿಂತ ಹೆಚ್ಚು ವಸೂಲಿ ಮಾಡುವ ಹಾಗಿಲ್ಲ. ಇಷ್ಟೊಂದು ಆಯ್ಕೆ ಇರುವ ದೇಶವೂ ಈ ನಿಯಮ ಇಟ್ಟುಕೊಂಡಿದೆ ಎಂದರೆ, ಕಂಪನಿಗಳ ಪೈಪೋಟಿ ಮೆಟ್ಟಿಲ ಕೆಳಗಿನ ಮೀಟರ್‌ವರೆಗೆ ಇಳಿದು ಬರುವುದಿಲ್ಲ ಎಂದು ಅವರು ಕಂಡುಕೊಂಡಿದ್ದಾರೆ ಎಂದೇ ಅರ್ಥ. ತಿಪಟೂರು ಮಾರುಕಟ್ಟೆಗೆ ಕೊಬ್ಬರಿ ಹಾಕುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಟೆಂಡರಿಗೆ ಎಷ್ಟು ವರ್ತಕರು ಬಂದರೂ ತೂಕ ಸರಿಯಿಲ್ಲದಿದ್ದರೆ ರೇಟು ಎಷ್ಟಾದರೇನು.

ಪ್ರತ್ಯೇಕ ಮೀಟರ್ ಎನ್ನುವುದು ಹೇಳಲು ಸುಲಭ, ಮಾಲೀಕರು ಒಪ್ಪಬೇಕಲ್ಲ ಎಂಬುದು ಇನ್ನೊಂದು ಆಕ್ಷೇಪ. ಇದರಲ್ಲಿ ತೂಕವಿದೆ. ಹೊಸ ಮೀಟರ್‌ಗೆ ಠೇವಣಿ, ವೈರಿಂಗ್, ಗುತ್ತಿಗೆದಾರರ ಖರ್ಚು ಇದೆ. 2024ರ ಡಿಸೆಂಬರ್‌ನ ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ ಸ್ವಾಧೀನಾನುಭವ ಪತ್ರ, ಜನ ಕರೆಯುವ ಓಸಿ, ಇಲ್ಲದ ಕಟ್ಟಡಗಳಿಗೆ ಹೊಸ ಸಂಪರ್ಕ ಪಡೆಯುವುದೇ ರಾಜ್ಯದಲ್ಲಿ ದೊಡ್ಡ ತಲೆನೋವಾಗಿತ್ತು. ಸಣ್ಣ ಪಟ್ಟಣದ ಎಷ್ಟೋ ಮನೆಗಳಿಗೆ ಆ ಪತ್ರದ ಹೆಸರೇ ಗೊತ್ತಿರಲಿಲ್ಲ. ಆದ್ದರಿಂದ ಮನಸ್ಸಿದ್ದೂ ಮೀಟರ್ ತರಲಾಗದ ಮಾಲೀಕರು ಇದ್ದಾರೆ. ಇನ್ನು ಕೆಲವರಿಗೆ ಇರುವುದು ಭಯ: ಬಾಡಿಗೆದಾರರ ಆಧಾರ್ ಮೀಟರ್‌ಗೆ ಸೇರಿದರೆ ನಾಳೆ ಮನೆ ಬಿಡುವುದಿಲ್ಲ ಎನ್ನಬಹುದು ಎಂದು. ಆ ಭಯಕ್ಕೆ ಆಧಾರವಿಲ್ಲ. ಗೃಹಜ್ಯೋತಿಗೆ ನೋಂದಾಯಿಸಿದ ಮಾತ್ರಕ್ಕೆ ಆರ್.ಆರ್. ನಂಬರಿನ ಹೆಸರು ಬದಲಾಗುವುದಿಲ್ಲ, ಮನೆಯ ಮೇಲೆ ಹಕ್ಕು ಹುಟ್ಟುವುದಿಲ್ಲ. ಯೋಜನೆ ಶುರುವಾದಾಗಲೇ ಬಾಡಿಗೆದಾರರೂ ಅರ್ಹರು ಎಂದು ಸರ್ಕಾರ ಹೇಳಿತ್ತು. ಅಷ್ಟೇ ಅಲ್ಲ, ಒಬ್ಬರಿಗೆ ಒಂದೇ ಸಂಪರ್ಕ ಎಂಬ ನಿಯಮ ಇರುವುದರಿಂದ ಎರಡು ಮೂರು ಮೀಟರ್ ಇರುವ ಮಾಲೀಕರು ಎಲ್ಲಕ್ಕೂ ತಾವೇ ನೋಂದಾಯಿಸುವ ಹಾಗಿಲ್ಲ. ಬಾಡಿಗೆದಾರರು ನೋಂದಾಯಿಸದಿದ್ದರೆ ಆ ಮೀಟರಿನ ಸೌಲಭ್ಯ ವ್ಯರ್ಥ. ಇದನ್ನು ಸಮಾಧಾನವಾಗಿ ಹೇಳಿದರೆ ಒಪ್ಪುವ ಮಾಲೀಕರು ಕಡಿಮೆಯೇನಲ್ಲ, ಸೊನ್ನೆ ಬಿಲ್ಲಿನ ಮನೆಗೆ ಬಾಡಿಗೆದಾರರು ಬೇಗ ಸಿಗುತ್ತಾರೆ ಎಂಬುದು ಅವರಿಗೂ ಗೊತ್ತು.

ಹತ್ತು ತಿಂಗಳು ಇದ್ದು ಹೋಗುವವರಿಗೆ ಇಷ್ಟೆಲ್ಲ ಉಸಾಬರಿ ಯಾಕೆ ಎನ್ನುವವರಿಗೆ ಉತ್ತರ ಚಿಕ್ಕದು. ಸೇವಾಸಿಂಧು ಪೋರ್ಟಲ್‌ನಲ್ಲಿ ಅಕೌಂಟ್ ಐಡಿ, ಆಧಾರ್ ಕೊಟ್ಟು ನೋಂದಾಯಿಸಬಹುದು. ಮನೆ ಬದಲಾಯಿಸುವವರಿಗೆಂದೇ 2024ರಲ್ಲಿ ಹಳೆಯ ಮೀಟರಿನಿಂದ ಆಧಾರ್ ಬಿಡಿಸಿಕೊಳ್ಳುವ ಡಿ-ಲಿಂಕ್ ಸೌಲಭ್ಯವನ್ನೂ ತಂದಿದ್ದಾರೆ. ಎಡವಟ್ಟಾಗುವುದು ಇಲ್ಲೇ. ಪರೀಕ್ಷೆ ಮುಗಿಸಿ ಊರಿಗೆ ಹೋದವರು ಡಿ-ಲಿಂಕ್ ಮಾಡಿರುವುದಿಲ್ಲ. ಅವರ ಆಧಾರ್ ಹಳೆಯ ಮೀಟರ್‌ಗೇ ಅಂಟಿಕೊಂಡಿರುತ್ತದೆ. ಮುಂದಿನ ವರ್ಷ ಬಂದವರಿಗೆ ಆ ಮೀಟರ್ ಸಿಗುವುದಿಲ್ಲ, ಹೋದವರಿಗೆ ಬೇರೆ ಮನೆಯಲ್ಲಿ ಸೌಲಭ್ಯ ಸಿಗುವುದಿಲ್ಲ. ನಾಲ್ವರಲ್ಲಿ ಯಾರ ಆಧಾರ್ ಕೊಡುವುದು ಎಂದು ಮೊದಲೇ ಮಾತಾಡಿಕೊಳ್ಳಿ, ಹೆಚ್ಚು ಕಾಲ ಆ ಮನೆಯಲ್ಲಿ ಉಳಿಯುವವರದು ಕೊಟ್ಟರೆ ಒಳ್ಳೆಯದು.

ಸಬ್ ಮೀಟರ್ ಬಿಟ್ಟು ಬೇರೆ ದಾರಿಯೇ ಇಲ್ಲದವರ ಮಾತೂ ಬರಬೇಕು. ಸಮನಾಗಿ ಹಂಚುವುದಕ್ಕಿಂತ ಸಬ್ ಮೀಟರ್ ಮೇಲು, ಅದರಲ್ಲಿ ಅನುಮಾನವಿಲ್ಲ. ಆದರೆ ಅಂಗಡಿಯಿಂದ ತಂದು ಹಾಕಿದ ಆ ಮೀಟರಿಗೆ ಬೆಸ್ಕಾಂ ಸೀಲ್ ಇರುವುದಿಲ್ಲ, ಯಾರೂ ಪರೀಕ್ಷಿಸಿರುವುದಿಲ್ಲ. ಪರೀಕ್ಷೆಯನ್ನು ವಿದ್ಯಾರ್ಥಿಗಳೇ ಮಾಡಬಹುದು. ಮೀಟರಿನ ಮುಖದ ಮೇಲೆ ಒಂದು ಸಣ್ಣ ಕೆಂಪು ದೀಪ ಮಿಣುಕುತ್ತಿರುತ್ತದೆ, ಅದರ ಪಕ್ಕದಲ್ಲೇ ಒಂದು ಯೂನಿಟ್‌ಗೆ ಎಷ್ಟು ಸಲ ಮಿಣುಕುತ್ತದೆ ಎಂದು ಅಚ್ಚಾಗಿರುತ್ತದೆ. ಅದು 3,200 ಎಂದಿದೆ ಎಂದುಕೊಳ್ಳಿ. ಮನೆಯ ಎಲ್ಲ ಸ್ವಿಚ್ ಆರಿಸಿ, ಫ್ರಿಜ್, ಚಾರ್ಜರ್ ಪ್ಲಗ್ ಕಿತ್ತು ಐದು ನಿಮಿಷ ನೋಡಿ. ಆಗಲೂ ದೀಪ ಮಿಣುಕುತ್ತಿದ್ದರೆ ಬೇರೆ ಯಾರದೋ ವಯರು ನಿಮ್ಮ ಮೀಟರಿಗೆ ಸೇರಿರಬಹುದು, ಮೆಟ್ಟಿಲ ದೀಪವೋ ಸಂಪಿನ ಮೋಟಾರೋ ಇರಬಹುದು. ಮೋಟಾರ್ ಆನ್ ಮಾಡಿಸಿ ಇನ್ನೊಮ್ಮೆ ನೋಡಿದರೆ ತಿಳಿಯುತ್ತದೆ. ಆಮೇಲೆ 1,500 ವಾಟಿನ ನೀರು ಕಾಯಿಸುವ ಕಾಯಿಲ್ ಒಂದನ್ನೇ ಬಕೆಟ್ಟಿಗೆ ಇಳಿಬಿಟ್ಟು ಒಂದು ನಿಮಿಷ ಎಣಿಸಿ. ಮೀಟರ್ ಸರಿಯಿದ್ದರೆ ಸುಮಾರು 80 ಸಲ ಮಿಣುಕಬೇಕು. ವೋಲ್ಟೇಜ್ ಕಡಿಮೆ ಇದ್ದರೆ ಎಪ್ಪತ್ತಕ್ಕೆ ಇಳಿಯಬಹುದು. ನೂರರ ಮೇಲೆ ಹೋದರೆ ಮಾಲೀಕರನ್ನು ಕರೆದು ತೋರಿಸಿ. ಪ್ರಿಂಟಾದ ಬಿಲ್ಲಿನಲ್ಲಿ ನೋಡಬೇಕಾದದ್ದು ಕೂಡ ಇಷ್ಟೇ ಸರಳ: ಆರ್.ಆರ್. ನಂಬರ್, ಎಲ್‌ಟಿ-1 ಎಂಬ ದರಪಟ್ಟಿಯ ವರ್ಗ, ಮಂಜೂರಾದ ಕಿಲೊವಾಟ್, ಹಿಂದಿನ ಮತ್ತು ಈಗಿನ ರೀಡಿಂಗ್. ಎಲ್‌ಟಿ-3 ಎಂದಿದ್ದರೆ ಅದು ವಾಣಿಜ್ಯ ಸಂಪರ್ಕ. ಪ್ರತ್ಯೇಕ ಕಟ್ಟಡದಲ್ಲಿ ನಡೆಯುವ ಪೇಯಿಂಗ್ ಗೆಸ್ಟ್‌ಗಳು ಆ ವರ್ಗಕ್ಕೇ ಬರುತ್ತವೆ, ಅಲ್ಲಿ ಗೃಹಜ್ಯೋತಿ ಇಲ್ಲ.

ಸ್ವಂತ ಮೀಟರ್ ಸಿಕ್ಕ ಮೇಲೂ 200ರ ಗೆರೆ ಮರೆಯಬಾರದು. ನಾಲ್ವರ ಮನೆಯಲ್ಲಿ 2 ಕಿಲೊವಾಟಿನ ಗೀಸರ್ ಒಬ್ಬರಿಗೆ ಕಾಲು ಗಂಟೆಯಂತೆ ಓಡಿದರೆ ದಿನಕ್ಕೆ 2 ಯೂನಿಟ್, ತಿಂಗಳಿಗೆ 60. ಇಂಡಕ್ಷನ್ ಒಲೆ ದಿನಕ್ಕೆ ಒಂದು ಗಂಟೆ, ತಿಂಗಳಿಗೆ 45. ಹಳೆಯ 75 ವಾಟಿನ ಫ್ಯಾನ್ ಮೂರು, ದಿನಕ್ಕೆ ಹತ್ತು ಗಂಟೆ, 67. ನಾಲ್ಕು ಲ್ಯಾಪ್‌ಟಾಪ್‌ಗೆ 36, ಎಲ್‌ಇಡಿ ದೀಪಗಳಿಗೆ ಎಂಟು. ಕೂಡಿಸಿ ನೋಡಿ: 216. ಗೆರೆಯಿಂದ ಹದಿನಾರು ಯೂನಿಟ್ ಆಚೆಗೆ ಹೋದದ್ದಕ್ಕೆ 3 ಕಿಲೊವಾಟ್ ಮೀಟರಾದರೆ ಸುಮಾರು 1,880 ರೂಪಾಯಿ ಬಿಲ್. ಇಂಡಕ್ಷನ್ ಬದಲು ಸಣ್ಣ ಗ್ಯಾಸ್ ಸಿಲಿಂಡರ್, ಇಲ್ಲವೇ 30 ವಾಟ್ ಆಸುಪಾಸಿನ ಹೊಸ ಬಗೆಯ ಫ್ಯಾನ್, ಎರಡರಲ್ಲಿ ಒಂದು ಮಾಡಿದರೂ ಗೆರೆಯ ಒಳಗೆ ಬರುತ್ತಾರೆ. ಯಾರು ಹೆಚ್ಚು ಹೊತ್ತು ಸ್ನಾನ ಮಾಡುತ್ತಾರೆ ಎಂಬ ಜಗಳ ನಾಲ್ವರಿಗೆ ಬಿಟ್ಟದ್ದು.

ವಿದ್ಯಾರ್ಥಿಗಳ ಕೈಯಲ್ಲಿ ಆಗುವುದು ಇಷ್ಟು. ಉಳಿದದ್ದು ಸರ್ಕಾರ ಮತ್ತು ಆಯೋಗ ಮಾಡಬೇಕಾದ ಕೆಲಸ. ವಿದ್ಯುಚ್ಛಕ್ತಿ ಕಾಯ್ದೆಯ 43ನೇ ಕಲಮು ಮಾಲೀಕರು ಅಥವಾ ವಾಸವಿರುವವರು ಅರ್ಜಿ ಹಾಕಿದರೆ ಸಂಪರ್ಕ ಕೊಡಬೇಕು ಎನ್ನುತ್ತದೆ. ವಾಸವಿರುವವರು ಎಂಬ ಮಾತಿನಲ್ಲಿ ಬಾಡಿಗೆದಾರರೂ ಸೇರುತ್ತಾರೆ, ಆದರೆ ಕೌಂಟರಿಗೆ ಹೋದಾಗ ಮಾಲೀಕರ ಒಪ್ಪಿಗೆ ಪತ್ರ ಎಲ್ಲಿ ಎಂಬ ಪ್ರಶ್ನೆಗೇ ಅರ್ಜಿ ನಿಲ್ಲುತ್ತದೆ. ದೆಹಲಿ ಸರ್ಕಾರ 2019ರ ಸೆಪ್ಟೆಂಬರ್‌ನಲ್ಲಿ ಬಾಡಿಗೆದಾರರಿಗೆಂದೇ ಒಂದು ಯೋಜನೆ ತಂದಿತು: ಬಾಡಿಗೆ ಕರಾರು ಪತ್ರ ತೋರಿಸಿ, ಠೇವಣಿ ಕಟ್ಟಿ, ಮಾಲೀಕರ ಒಪ್ಪಿಗೆ ಪತ್ರ ಇಲ್ಲದೆಯೇ ಪ್ರೀಪೇಯ್ಡ್ ಮೀಟರ್ ಪಡೆಯಬಹುದು. ಅಲ್ಲಿಯೂ ಅಗ್ಗದ ಕರೆಂಟು ಬಾಡಿಗೆದಾರರಿಗೆ ತಲುಪುತ್ತಿಲ್ಲ ಎಂಬುದೇ ಯೋಜನೆಗೆ ಕಾರಣ. ಪ್ರೀಪೇಯ್ಡ್ ಆದ್ದರಿಂದ ಬಾಕಿ ಉಳಿಸಿ ಹೋಗುತ್ತಾರೆ ಎಂಬ ಮಾಲೀಕರ ಅಂಜಿಕೆಗೂ ಅದರಲ್ಲಿ ಉತ್ತರವಿದೆ. ಗೃಹಜ್ಯೋತಿಗೆ ಇಷ್ಟೊಂದು ಹಣ ಸುರಿಯುವ ಕರ್ನಾಟಕ ಆ ಹಣ ತಲುಪುವ ದಾರಿಗೂ ಸ್ವಲ್ಪ ಗಮನ ಕೊಡಬೇಕು. ಮೊದಲು ತುಮಕೂರು, ತಿಪಟೂರಿನಂಥ ಕಾಲೇಜು ಊರುಗಳಲ್ಲಿ ದೆಹಲಿಯ ಕ್ರಮ ಜಾರಿಗೆ ಬರಲಿ. ಸಬ್ ಮೀಟರ್ ಇಟ್ಟವರು ಬೆಸ್ಕಾಂ ಬಿಲ್ಲಿನಲ್ಲಿ ಬಂದ ಒಟ್ಟು ಮೊತ್ತಕ್ಕಿಂತ ಹೆಚ್ಚು ವಸೂಲಿ ಮಾಡಬಾರದು ಎಂಬ ನಿಯಮವನ್ನು ಕೆಇಆರ್‌ಸಿ ಮಾಡಲಿ.

ಅಲ್ಲಿಯವರೆಗೆ ರೂಮು ಹುಡುಕುತ್ತಿರುವ ಮಕ್ಕಳಿಗೂ ಅವರ ತಂದೆತಾಯಿಗಳಿಗೂ ಒಂದು ಮಾತು. ಅಡ್ವಾನ್ಸ್ ಕೈಗೆ ಕೊಡುವ ಮೊದಲು ಆ ಮನೆಯ ಆರ್.ಆರ್. ನಂಬರ್ ಕೇಳಿ, ಹಿಂದಿನ ಮೂರು ತಿಂಗಳ ಬಿಲ್ ನೋಡಿ. ಮನೆಗೆ ಸೇರುವ ದಿನ ಮೀಟರಿನ ಫೋಟೊ ತೆಗೆದು ಮಾಲೀಕರಿಗೂ ವಾಟ್ಸ್‌ಆ್ಯಪ್ ಮಾಡಿ. ಯೂನಿಟ್ ದರ, ಮೋಟಾರಿನ ಬಿಲ್ ಯಾರದು ಎಂಬುದನ್ನು ಕರಾರು ಪತ್ರದಲ್ಲೇ ಬರೆಸಿ. ಬಿಲ್ ತೋರಿಸುವುದಕ್ಕೇ ಹಿಂಜರಿಯುವ ಮನೆಯಾದರೆ ಪಕ್ಕದ ಬೀದಿಯಲ್ಲಿ ಇನ್ನೊಂದು ‘ಮನೆ ಬಾಡಿಗೆಗಿದೆ’ ಬೋರ್ಡ್ ಇದ್ದೇ ಇರುತ್ತದೆ, ಅದನ್ನು ನೋಡಿ.